ಗಿರಣಿಯ ಗ್ರಿಟ್ಸ್, ಡಬ್ಬಿಯ ಗ್ರಿಟ್ಸ್

ಅಮೆರಿಕದ ಜಾರ್ಜಿಯಾ ರಾಜ್ಯದ ಅಟ್ಲಾಂಟಾ ನಗರದ ಉತ್ತರಕ್ಕಿರುವ ಬಡಾವಣೆಯೊಂದರಲ್ಲಿ ಹನ್ನೊಂದು ವರ್ಷಗಳಿಂದ ವಾಸವಾಗಿದ್ದರೂ ಕಳೆದ ಚಳಿಗಾಲದವರೆಗೆ ನಾನು ಗ್ರಿಟ್ಸ್ ಎಂಬ ಮುಸುಕಿನಜೋಳದ ಪದಾರ್ಥವನ್ನು ಮನೆಯೊಳಗೆ ತಂದವನಲ್ಲ. ಇಲ್ಲಿಗೆ ಬಂದ ಮೊದಲ ತಿಂಗಳಲ್ಲೇ ಹೆದ್ದಾರಿಯ ಬದಿಯ ಒಂದು ಉಪಾಹಾರ ಗೃಹದಲ್ಲಿ, ತಟ್ಟೆಯ ಅಂಚಿಗೆ ಬಡಿಸಿದ್ದ ಬಿಳಿಯ ರಾಶಿಯೊಂದನ್ನು ಬಾಯಿಗಿಟ್ಟು ನೋಡಿದ್ದೆ. ಅದಕ್ಕೆ ಉಪ್ಪು ಬಿದ್ದಿರಲಿಲ್ಲ. ಆರಿ ಹೋಗಿ ಮೇಲೆ ಚರ್ಮ ಕಟ್ಟಿತ್ತು. ಚಮಚ ನೆಟ್ಟರೆ ನಿಲ್ಲುವಷ್ಟು ಗಟ್ಟಿಯಾಗಿದ್ದರೂ ಹಲ್ಲಿಗೆ ಸಿಗುವಂಥದ್ದು ಅದರಲ್ಲಿ ಏನೂ ಇರಲಿಲ್ಲ. ದೀಪಾವಳಿಯ ಆಕಾಶಬುಟ್ಟಿಗೆ ಬಣ್ಣದ ಕಾಗದ ಅಂಟಿಸಲು ಮೈದಾಹಿಟ್ಟನ್ನು ಕುದಿಸಿ ಮಾಡುತ್ತಿದ್ದ ಅಂಟು ನೆನಪಾಗಿ, ತಟ್ಟೆಯನ್ನು ಬದಿಗೆ ಸರಿಸಿದ್ದೆ.

ಆ ಅಭಿಪ್ರಾಯವನ್ನು ಕೆಡವಿದವಳು ನಮ್ಮವ್ವ. ರಾಣೆಬೆನ್ನೂರಿನಿಂದ ಆರು ತಿಂಗಳ ಮಟ್ಟಿಗೆ ನಮ್ಮಲ್ಲಿಗೆ ಬಂದಿದ್ದ ಅವಳು, ನೆರೆಮನೆಯವರು ಕ್ರಿಸ್‌ಮಸ್ ಉಡುಗೊರೆಯೆಂದು ಕೊಟ್ಟಿದ್ದ ಚೀಲವೊಂದನ್ನು ಬಿಚ್ಚಿ, ಒಳಗಿದ್ದುದನ್ನು ಅಂಗೈಯಲ್ಲಿ ಹರಡಿ, ಮೆಲ್ಲಗೆ ಊದಿ, ಹೊಟ್ಟು ಹಾರುವುದನ್ನು ನೋಡಿ, "ಇದು ನುಚ್ಚ ಐತಲ್ಲೋ ತಮ್ಮಾ, ಗೋವಿನಜ್ವಾಳದ ನುಚ್ಚ. ಇದಕ್ಕ ಮಜ್ಜಿಗಿ ಬೇಕು," ಎಂದಳು. ನಾನು ಅಲ್ಲಿಯವರೆಗೂ ಅದನ್ನು ಒಂದು ಬಗೆಯ ರವೆಯೆಂದೇ ಎಣಿಸಿದ್ದೆ. ಈ ಪದಾರ್ಥವನ್ನು ಮೊದಲ ಸಲ ಕೊಳ್ಳುವ ನಮ್ಮವರಲ್ಲಿ ಹೆಚ್ಚಿನವರ ನಿರಾಶೆಗೆ ಕಾರಣ ಇದೇ ಎಂದು ನನಗೆ ಈಗ ಅನಿಸುತ್ತದೆ: ರವೆಯೆಂದು ತಿಳಿದು ಹತ್ತು ನಿಮಿಷದಲ್ಲಿ ಉಪ್ಪಿಟ್ಟಿನಂತೆ ಉದುರುದುರಾಗಿ ಇಳಿಸಲು ಹೋದರೆ ಅದು ಬೇಯುವುದಿಲ್ಲ, ಬೆಂದರೆ ಉದುರುವುದಿಲ್ಲ. ನುಚ್ಚೆಂದು ತಿಳಿದು ನೀರನ್ನೂ ಹೊತ್ತನ್ನೂ ಧಾರಾಳವಾಗಿ ಕೊಟ್ಟರೆ ಅದು ಬೇರೆಯೇ ಆಹಾರವಾಗುತ್ತದೆ. ನಾಲ್ಕು ತಿಂಗಳಲ್ಲಿ ನಾವು ಮೂರು ಬಗೆಯ ಗ್ರಿಟ್ಸನ್ನು ಬೇಯಿಸಿ ತಿಂದು ನೋಡಿದ್ದೇವೆ. ಅವು ಯಾವುವೆಂದರೆ ಬಿಸಿನೀರು ಹೊಯ್ದರೆ ಸಾಕಾಗುವ ಪೊಟ್ಟಣದ್ದು, ಐದು ನಿಮಿಷದಲ್ಲಿ ಬೇಯುವ ಡಬ್ಬಿಯದ್ದು ಮತ್ತು ಕಲ್ಲಿನ ಗಿರಣಿಯಲ್ಲಿ ಒಡೆದದ್ದು. ಈ ವಿಮರ್ಶೆ ಆ ಅನುಭವದ ಮೇಲೆ ನಿಂತಿದೆ.

ಗ್ರಿಟ್ಸ್ ಎಂದರೆ ಬಲಿತು ಒಣಗಿದ ಮುಸುಕಿನಜೋಳದ ಕಾಳನ್ನು ತರಿತರಿಯಾಗಿ ಒಡೆದು, ಹಿಟ್ಟನ್ನೂ ಹೊಟ್ಟನ್ನೂ ಬೇರ್ಪಡಿಸಿದ ಮೇಲೆ ಉಳಿಯುವ ನುಚ್ಚು. ಹಾವೇರಿ, ಧಾರವಾಡದ ಕಡೆ ಗೋವಿನಜೋಳವೆಂದೂ ದಾವಣಗೆರೆಯ ಕಡೆ ಮೆಕ್ಕೆಜೋಳವೆಂದೂ ಕರೆಯುವುದು ಇದೇ ಕಾಳನ್ನು. ಗ್ರಿಟ್ಸ್ ಎಂಬ ಹೆಸರು ಬಂದಿರುವುದು ಕೂಡ ಒರಟಾಗಿ ಒಡೆದ ಧಾನ್ಯ ಎಂಬರ್ಥದ ಹಳೆಯ ಇಂಗ್ಲಿಷ್ ಪದದಿಂದಲೇ. ನಮ್ಮ 'ತರಿ' ಎಂಬ ಪದಕ್ಕೆ ಅದು ಅರ್ಥದಲ್ಲಿ ಬಹಳ ಹತ್ತಿರ. ಇದಕ್ಕೆ ಬಳಸುವ ಕಾಳು ಸಾಮಾನ್ಯವಾಗಿ ಡೆಂಟ್ ಜಾತಿಯದು, ಅಂದರೆ ಒಣಗಿದಾಗ ನೆತ್ತಿಯಲ್ಲಿ ಸಣ್ಣ ಗುಳಿ ಬೀಳುವಂಥದ್ದು. ಅದರ ಒಳಗಿನ ಪಿಷ್ಟ ಮೃದುವಾಗಿರುವುದರಿಂದ ಬೆಂದಾಗ ಕೆನೆಯ ಹದ ಬರುತ್ತದೆ. ಇಟಲಿಯವರ ಪೊಲೆಂಟಾಕ್ಕೆ ವಾಡಿಕೆಯಾಗಿ ಬಳಸುವ ಫ್ಲಿಂಟ್ ಜಾತಿಯ ಕಾಳು ಗಾಜಿನಂತೆ ಗಟ್ಟಿ. ಅದು ಬೆಂದ ಮೇಲೂ ತರಿ ಬಿಡುವುದಿಲ್ಲ. ಅಂಗಡಿಗಳಲ್ಲಿ ಒಂದೇ ಪೊಟ್ಟಣದ ಮೇಲೆ ಎರಡೂ ಹೆಸರು ಅಚ್ಚಾಗಿರುವುದುಂಟು, ಆದರೆ ಎರಡೂ ಒಂದೇ ಎನ್ನುವುದು ಸೋನಾಮಸೂರಿಯೂ ಬಾಸುಮತಿಯೂ ಅಕ್ಕಿಯೇ ಅಲ್ಲವೇ ಎಂದಂತೆ.

ಇದನ್ನು ಅಮೆರಿಕದ ದಕ್ಷಿಣದ ಬಿಳಿಯರು ಕಂಡುಹಿಡಿದದ್ದಲ್ಲ. ಈ ನೆಲದ ಮೂಲನಿವಾಸಿಗಳಾದ ಮಸ್ಕೋಗಿ ಮುಂತಾದ ಜನರು ಮುಸುಕಿನಜೋಳವನ್ನು ಬೂದಿನೀರಿನಲ್ಲಿ ಕುದಿಸಿ, ಸಿಪ್ಪೆ ಕಳೆದು, ಮರದ ಒರಳಿನಲ್ಲಿ ಕುಟ್ಟಿ ಬೇಯಿಸುತ್ತಿದ್ದರು. ಅವರ ಸೋಫ್ಕಿ ಎಂಬ ತೆಳ್ಳನೆಯ ಗಂಜಿಯನ್ನು ಒಂದೆರಡು ದಿನ ಹುಳಿ ಬರಲು ಬಿಟ್ಟು ಕುಡಿಯುವ ಪದ್ಧತಿ ಇಂದಿಗೂ ಇದೆ. ಅಂಬಲಿ ಕುಡಿದು ಬೆಳೆದವರಿಗೆ ಇದರ ವಿವರಣೆ ಬೇಕಾಗಲಾರದು. ಬೂದಿನೀರಿನಲ್ಲಿ ಸಿಪ್ಪೆ ಕಳೆದ ಇಡೀ ಕಾಳಿಗೆ ಹಾಮಿನಿ ಎಂದು ಹೆಸರು, ಅದು ಮೂಲನಿವಾಸಿಗಳ ಭಾಷೆಯಿಂದಲೇ ಬಂದ ಪದ. ಇಂದು ಮಾರುಕಟ್ಟೆಯಲ್ಲಿ ಸಿಗುವ ಗ್ರಿಟ್ಸ್ ಬಹುಪಾಲು ಹೀಗೆ ಸಂಸ್ಕರಿಸಿದ ಕಾಳಿನದ್ದಲ್ಲ, ಬರಿಯ ಒಣ ಕಾಳಿನದ್ದು. ಆದರೂ ಹಳೆಯ ಹೆಸರು ಕೆಲವು ಕಡೆ ಉಳಿದುಕೊಂಡಿದೆ: ದಕ್ಷಿಣ ಕೆರೊಲೈನಾದ ಚಾರ್ಲ್ಸ್‌ಟನ್ ನಗರದ ಹಳಬರು ಹಸಿಯದನ್ನು ಗ್ರಿಟ್ಸ್ ಎಂದೂ ಬೆಂದದ್ದನ್ನು ಹಾಮಿನಿ ಎಂದೂ ಕರೆಯುತ್ತಿದ್ದರು. ಅಕ್ಕಿ ಮತ್ತು ಅನ್ನಕ್ಕೆ ಬೇರೆ ಬೇರೆ ಪದ ಇಟ್ಟುಕೊಂಡಿರುವ ನಮಗೆ ಈ ವಿವೇಕ ಮೆಚ್ಚುಗೆಯಾಗುತ್ತದೆ.

ನೆರೆಯವರ ಚೀಲ ಮುಗಿದ ಮೇಲೆ ನಾವು ಅದರ ಮೂಲವನ್ನೇ ಹುಡುಕಿಕೊಂಡು ಹೋದೆವು. ಜಾರ್ಜಿಯಾದ ಉತ್ತರದ ಗುಡ್ಡಗಳಲ್ಲಿ, ಹೆಲೆನ್ ಎಂಬ ಪುಟ್ಟ ಊರಿನ ಸಮೀಪ, ಚಟ್ಟಹೂಚಿ ನದಿಯ ದಂಡೆಯಲ್ಲಿ ನೋರಾ ಮಿಲ್ ಎಂಬ ಗಿರಣಿಯಿದೆ. ನಮ್ಮ ಮನೆಯಿಂದ ಕಾರಿನಲ್ಲಿ ಒಂದೂವರೆ ಗಂಟೆಯ ಹಾದಿ. 1876ರಲ್ಲಿ ಕಟ್ಟಿದ ಈ ಮರದ ಕಟ್ಟಡದಲ್ಲಿ ಇಂದಿಗೂ ನದಿಯ ನೀರನ್ನು ತಿರುಗಿಸಿ ತಂದು ಅದರ ಬಲದಿಂದ ಕಲ್ಲು ಬೀಸುತ್ತಾರೆ. ಕಲ್ಲುಗಳು ಫ್ರಾನ್ಸಿನಿಂದ ಬಂದವು. ಅಲ್ಲಿನ ಮಾರ್ನ್ ನದಿಯ ಕಣಿವೆಯಲ್ಲಿ ಸಿಗುವ ಬೆಣಚುಕಲ್ಲು ಬೀಸಲು ಅತ್ಯುತ್ತಮವೆಂದು ಒಂದು ಕಾಲದಲ್ಲಿ ಜಗತ್ತಿನ ಗಿರಣಿಗಳೆಲ್ಲ ಅದನ್ನೇ ತರಿಸಿಕೊಳ್ಳುತ್ತಿದ್ದವು.

ಗಿರಣಿಯ ಕೆಲಸ ಅವ್ವನಿಗೆ ವಿವರಿಸಬೇಕಾಗಲಿಲ್ಲ. ಕೆಳಗಿನ ಕಲ್ಲು ಕದಲದೆ ಕುಳಿತಿರುತ್ತದೆ, ಮೇಲಿನದು ತಿರುಗುತ್ತದೆ. ನಡುವಿನ ಬಾಯಿಗೆ ಬಿದ್ದ ಕಾಳು, ಕಲ್ಲಿನ ಮೇಲೆ ಕೊರೆದ ಗೀರುಗಳ ಗುಂಟ ಒಡೆಯುತ್ತ ಒಡೆಯುತ್ತ ಅಂಚಿಗೆ ಬಂದು ಉದುರುತ್ತದೆ. ಎರಡು ಕಲ್ಲುಗಳ ನಡುವಿನ ಸಂದು ಎಷ್ಟಿರಬೇಕೆಂಬುದೇ ಗಿರಣಿಯವನ ವಿದ್ಯೆಯೆಲ್ಲ. ಉದುರಿದ್ದನ್ನು ಜರಡಿ ಹಿಡಿದಾಗ ಕೆಳಗೆ ಬೀಳುವುದು ಹಿಟ್ಟು, ಮೇಲೆ ನಿಲ್ಲುವುದು ಗ್ರಿಟ್ಸ್, ಗಾಳಿಗೆ ಹಾರುವುದು ಹೊಟ್ಟು. ನಮ್ಮ ಬೀಸುಕಲ್ಲಿನ ಮುಂದೆ ಜರಡಿ ಹಿಡಿದು ಕುಳಿತು ಹಿಟ್ಟನ್ನೂ ನುಚ್ಚನ್ನೂ ಎರಡು ಮೊರಗಳಿಗೆ ಹಾಕಿಕೊಳ್ಳುತ್ತಿದ್ದ ಕೆಲಸವನ್ನೇ ನದಿ ಮಾಡುತ್ತಿದೆ ಎಂಬುದಷ್ಟೇ ವ್ಯತ್ಯಾಸ. ಅವ್ವ ಬಹಳ ಹೊತ್ತು ಅಲ್ಲೇ ನಿಂತಿದ್ದು, ಕಲ್ಲಿನ ಗೀರುಗಳು ಸವೆದಾಗ ಯಾರು ಹೊಡೆದುಕೊಡುತ್ತಾರೆಂದು ನನ್ನಿಂದ ಕೇಳಿಸಿದಳು. ಕಲ್ಲಿಗೆ ಮುಳ್ಳು ಹೊಡೆಯುವವರು ಊರೂರು ತಿರುಗುತ್ತಿದ್ದ ಕಾಲವನ್ನು ಕಂಡವಳು ಅವಳು.

ಈ ಗಿರಣಿಯವರು ಬಿಳಿ ಮತ್ತು ಹಳದಿ ಕಾಳುಗಳನ್ನು ಬೆರೆಸಿದ ನುಚ್ಚಿಗೆ 'ಜಾರ್ಜಿಯಾ ಐಸ್‌ಕ್ರೀಮ್' ಎಂದು ಹೆಸರಿಟ್ಟಿದ್ದಾರೆ. ಹೆಸರಿನಲ್ಲಿ ಸ್ವಲ್ಪ ತಮಾಷೆಯಿದ್ದರೂ ಪದಾರ್ಥ ಗಂಭೀರವಾದದ್ದು. ಅಂಗೈಯಲ್ಲಿ ಹಿಡಿದು ನೋಡಿದರೆ ಕೆನೆಬಣ್ಣ, ತಿಳಿಹಳದಿ, ಅಲ್ಲಲ್ಲಿ ಕಪ್ಪು ಚುಕ್ಕೆ. ಕಪ್ಪು ಚುಕ್ಕೆಯನ್ನು ಕಸವೆಂದು ಭಾವಿಸಬಾರದು, ಅದು ಕಾಳಿನ ಬುಡದ ಭಾಗ. ತರಿಗಳು ಒಂದೇ ಅಳತೆಯಲ್ಲಿರುವುದಿಲ್ಲ. ಕೆಲವು ಚಿರೋಟಿ ರವೆಯಷ್ಟು, ಕೆಲವು ಬನ್ಸಿ ರವೆಗಿಂತಲೂ ದಪ್ಪ. ಬೇಯಿಸಿದಾಗ ಸಣ್ಣವು ಕರಗಿ ಕೆನೆಯಾಗುತ್ತವೆ, ದಪ್ಪವು ಮೆತ್ತಗಾಗಿಯೂ ಹಲ್ಲಿಗೆ ಸಿಗುತ್ತವೆ. ಮೂಗಿಗೆ ಹಿಡಿದರೆ ಆಗತಾನೆ ಒಡೆದ ಕಾಳಿನ ಸಿಹಿ ವಾಸನೆ ಬರುತ್ತದೆ. ಮೊಳಕೆಯೊಡೆಯುವ ಕಣ್ಣಿನ ಭಾಗ, ಅಂದರೆ ಎಣ್ಣೆಯಿರುವ ಭಾಗ, ಒಳಗೇ ಉಳಿದಿರುವುದರಿಂದ ಈ ಘಮ. ಅದೇ ಎಣ್ಣೆಯಿಂದಾಗಿ ಇದು ಬೇಗ ಕಮಟುತ್ತದೆ ಎಂಬುದನ್ನೂ ನೆನಪಿನಲ್ಲಿಡಬೇಕು. ಅಡುಗೆಮನೆಯ ಕಪಾಟಿನಲ್ಲಿ ಬೇಸಿಗೆಯ ಒಂದು ತಿಂಗಳು ಬಿಟ್ಟರೆ ವಾಸನೆ ತಿರುಗುತ್ತದೆ, ಹುಳವೂ ಬೀಳಬಹುದು. ಕೊಂಡ ದಿನವೇ ಫ್ರೀಜರಿಗೆ ಸೇರಿಸುವುದು ಒಳ್ಳೆಯದು. ಅಲ್ಲಿ ಆರು ತಿಂಗಳು ನಿಶ್ಚಿಂತೆ.

ಡಬ್ಬಿಯ ಗ್ರಿಟ್ಸಿಗೆ ಈ ತೊಂದರೆ ಇಲ್ಲ. ಉಕ್ಕಿನ ಉರುಳೆಗಳ ಯಂತ್ರದಲ್ಲಿ ಕಾಳಿನ ಕಣ್ಣನ್ನೂ ಸಿಪ್ಪೆಯನ್ನೂ ಪೂರ್ತಿ ತೆಗೆದು, ಉಳಿದ ಪಿಷ್ಟವನ್ನು ಒಂದೇ ಸಮನಾಗಿ ಸಣ್ಣಗೆ ಒಡೆದಿರುತ್ತಾರೆ. ವರ್ಷವಿಟ್ಟರೂ ಕೆಡುವುದಿಲ್ಲ, ಐದಾರು ನಿಮಿಷದಲ್ಲಿ ಬೇಯುತ್ತದೆ, ಬೆಲೆ ಗಿರಣಿಯದರ ಅರ್ಧಕ್ಕಿಂತ ಕಡಿಮೆ. ರುಚಿ ಎಂಬುದು ಇದೆ, ಆದರೆ ನಾಲಿಗೆ ಅದನ್ನು ಹುಡುಕಿಕೊಂಡು ಹೋಗಬೇಕು. ಪೊಟ್ಟಣದ್ದು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಮೊದಲೇ ಬೇಯಿಸಿ ಒಣಗಿಸಿದ್ದು. ಬಿಸಿನೀರು ಬಿದ್ದೊಡನೆ ಉಬ್ಬಿ ಅಂಟಾಗುತ್ತದೆ. ಕಚೇರಿಯ ಮೇಜಿನಲ್ಲಿ ಹಸಿವಾದಾಗ ಉಪಯೋಗಕ್ಕೆ ಬರಬಹುದು. ನನ್ನ ಮಟ್ಟಿಗೆ ಅದು ಮತ್ತೆ ಆಕಾಶಬುಟ್ಟಿಯ ಅಂಟಿನ ನೆನಪನ್ನೇ ತಂದಿತು; ಅದರ ಬಗ್ಗೆ ಇದಕ್ಕಿಂತ ಹೆಚ್ಚು ಬರೆಯುವುದಿಲ್ಲ.

ಇನ್ನು ಬೇಯಿಸುವ ವಿಷಯ. ಗಿರಣಿಯ ಗ್ರಿಟ್ಸಿಗೆ ಒಂದು ಅಳತೆಗೆ ನಾಲ್ಕು ಅಳತೆ ನೀರು ಎಂಬುದು ಇಲ್ಲಿನವರ ಲೆಕ್ಕ. ನಮ್ಮ ಅನುಭವದಲ್ಲಿ ಕೊನೆಗೆ ಅದು ಐದಕ್ಕೆ ಹೋಗುತ್ತದೆ. ರಾತ್ರಿಯೇ ನೀರಿನಲ್ಲಿ ನೆನೆಹಾಕಿದರೆ ಬೆಳಗಿನ ಕೆಲಸ ಅರ್ಧದಷ್ಟು ಹಗುರ. ನೆನೆಹಾಕಿದ ಕೂಡಲೇ ಕೈಯಾಡಿಸಿ ಒಂದೆರಡು ನಿಮಿಷ ಬಿಟ್ಟರೆ ಉಳಿದ ಹೊಟ್ಟು ಮೇಲೆ ತೇಲುತ್ತದೆ, ಅದನ್ನು ಬಾಗಿಸಿ ಚೆಲ್ಲಬೇಕು. ಇಲ್ಲಿ ಒಂದು ಎಚ್ಚರಿಕೆ: ಡಬ್ಬಿಯದನ್ನು ಹೀಗೆ ತೊಳೆಯಬಾರದು. ಯಂತ್ರದಲ್ಲಿ ಕಳೆದುಹೋದ ಜೀವಸತ್ವಗಳನ್ನೂ ಕಬ್ಬಿಣದ ಅಂಶವನ್ನೂ ಅದಕ್ಕೆ ಆಮೇಲೆ ಸೇರಿಸಿರುತ್ತಾರೆ. ಅಕ್ಕಿ ತೊಳೆಯುವ ಅಭ್ಯಾಸದಿಂದ ಮೂರು ನೀರು ತೊಳೆದರೆ ಅವು ಮೋರಿಗೆ ಹೋಗುತ್ತವೆ.

ದಪ್ಪ ತಳದ ಪಾತ್ರೆಯಲ್ಲಿ ನೆನೆದ ನೀರಿನ ಸಮೇತ ಒಲೆಯ ಮೇಲಿಟ್ಟು, ಉಪ್ಪು ಹಾಕಿ, ಕುದಿ ಬರುವವರೆಗೆ ಕೈಬಿಡದೆ ತಿರುವಬೇಕು. ಉಪ್ಪನ್ನು ಮೊದಲೇ ಹಾಕುವುದು ಮುಖ್ಯ. ಬೆಂದ ಮೇಲೆ ಹಾಕಿದ ಉಪ್ಪು ತರಿಯ ಹೊರಗೇ ನಿಲ್ಲುತ್ತದೆ. ಎಂಟು ಹತ್ತು ನಿಮಿಷದಲ್ಲಿ ನೀರು ಹಾಲಿನಂತಾಗಿ, ತರಿಗಳು ತಳಕ್ಕೆ ಇಳಿಯುವುದನ್ನು ಬಿಟ್ಟು ನೀರಿನ ನಡುವೆ ನಿಲ್ಲುತ್ತವೆ. ಅಲ್ಲಿಂದ ಮುಂದೆ ಉರಿಯನ್ನು ಅತಿ ಸಣ್ಣದು ಮಾಡಿ, ಮುಚ್ಚಳವನ್ನು ಓರೆಯಾಗಿಟ್ಟು, ಐದಾರು ನಿಮಿಷಕ್ಕೊಮ್ಮೆ ಮರದ ಹುಟ್ಟಿನಿಂದ ತಳ ಕೆರೆದು ತಿರುವುತ್ತಿರಬೇಕು. ಗಟ್ಟಿಯಾದರೆ ಬಿಸಿನೀರನ್ನೇ ಸೇರಿಸಬೇಕು, ತಣ್ಣೀರು ಹೊಯ್ದರೆ ಗಂಟು ಕಟ್ಟುತ್ತದೆ. ನೆನೆಸಿದ್ದಾದರೆ ಐವತ್ತು ನಿಮಿಷ, ನೆನೆಸದಿದ್ದರೆ ಒಂದೂಕಾಲು ಗಂಟೆ. ಈ ನಡುವೆ ಅದು ಕೆಸರಿನ ಬುಗ್ಗೆಯಂತೆ ಪುಟಿಯುತ್ತದೆ, ಮುಂಗೈಗೆ ಬಿದ್ದರೆ ಅಂಟಿಕೊಂಡೇ ಸುಡುತ್ತದೆ; ಮುದ್ದೆ ತಿರುವುವವರಿಗೆ ಈ ಜಾಗರೂಕತೆ ರೂಢಿಯಾಗಿರುತ್ತದೆ. ಒಂದು ದಪ್ಪ ತರಿಯನ್ನು ಮುಂಬಲ್ಲಿನಲ್ಲಿ ಕಚ್ಚಿ ನೋಡಿದಾಗ ನಡುವೆ ಸುಣ್ಣದ ಪುಡಿಯಂಥದ್ದು ಸಿಗದಿದ್ದರೆ ಬೆಂದಿತೆಂದು ಅರ್ಥ. ಕೊನೆಗೆ ಬೆಣ್ಣೆ. ಬೆಣ್ಣೆಯ ವಿಷಯದಲ್ಲಿ ಜಿಪುಣತನ ತೋರುವವರು ಗ್ರಿಟ್ಸ್ ಮಾಡುವ ಗೋಜಿಗೇ ಹೋಗಬಾರದು.

ಕುಕ್ಕರಿನಲ್ಲಿ ಆಗುವುದಿಲ್ಲವೇ ಎಂದು ಕೇಳುವವರಿಗೆ ಹೇಳುವುದಾದರೆ, ಆಗುತ್ತದೆ. ಒಳಗೆ ಬೇರೆ ಡಬ್ಬಿಯಲ್ಲಿ ನೀರು ಸಮೇತ ಇಟ್ಟು, ಸೀಟಿ ಬಂದ ಮೇಲೆ ಸಣ್ಣ ಉರಿಯಲ್ಲಿ ಇಪ್ಪತ್ತು ನಿಮಿಷ ಬಿಟ್ಟು, ತೆಗೆದ ಮೇಲೆ ಬಿಸಿನೀರು ಬೆರೆಸಿ ಚೆನ್ನಾಗಿ ಕಡೆದರೆ ಮುಕ್ಕಾಲು ಪಾಲು ಒಲೆಯದರಷ್ಟೇ ಚೆನ್ನಾಗಿರುತ್ತದೆ. ನೇರವಾಗಿ ಕುಕ್ಕರಿನ ತಳಕ್ಕೇ ಹಾಕಿದ ದಿನ ಅರ್ಧ ಇಂಚು ಹಕ್ಕಳೆ ಕಟ್ಟಿ, ಪಾತ್ರೆಯನ್ನು ಎರಡು ದಿನ ನೆನೆಹಾಕಬೇಕಾಯಿತು.

ಇಲ್ಲಿನವರು ಇದನ್ನು ಹೇಗೆ ತಿನ್ನುತ್ತಾರೆಂಬುದಕ್ಕೆ ಒಂದೇ ಉತ್ತರವಿಲ್ಲ. ಬಹುಮಟ್ಟಿಗೆ ಇದು ಬೆಳಗಿನ ಉಪಾಹಾರ: ಮೇಲೆ ಬೆಣ್ಣೆ, ಉಪ್ಪು, ಕರಿಮೆಣಸಿನ ಪುಡಿ, ಪಕ್ಕದಲ್ಲಿ ಮೊಟ್ಟೆ. ತುರಿದ ಚೆಡ್ಡಾರ್ ಚೀಸನ್ನು ಬಿಸಿಯಲ್ಲೇ ಕಲಸಿದರೆ ಚೀಸ್ ಗ್ರಿಟ್ಸ್. ದಕ್ಷಿಣ ಕೆರೊಲೈನಾದ ಕರಾವಳಿಯಲ್ಲಿ ಮೀನುಗಾರರು ಬೆಳಗ್ಗೆ ಹಿಡಿದ ಸಿಗಡಿಯನ್ನು ಬೆಣ್ಣೆಯಲ್ಲಿ ಬಾಡಿಸಿ ಇದರ ಮೇಲೆ ಹಾಕಿಕೊಂಡು ತಿನ್ನುತ್ತಿದ್ದರು. ಗುಲಾಮರಾಗಿ ತರಲ್ಪಟ್ಟ ಆಫ್ರಿಕನ್ನರ ವಂಶಜರಾದ ಗಲ್ಲಾ ಗೀಚಿ ಜನರ ಅಡುಗೆಯಲ್ಲಿ ಅದಕ್ಕೆ ಗಟ್ಟಿಯಾದ ಸ್ಥಾನವಿದೆ. ಮನೆಗಳ ಒಳಗಿದ್ದ ಈ ತಿನಿಸು ದೊಡ್ಡ ಹೋಟೆಲುಗಳ ರಾತ್ರಿಯೂಟದ ಪಟ್ಟಿಗೆ ಏರಿದ್ದು 1980ರ ದಶಕದಲ್ಲಿ. ಉತ್ತರ ಕೆರೊಲೈನಾದ ಚಾಪೆಲ್ ಹಿಲ್ ಪಟ್ಟಣದ ಕ್ರೂಕ್ಸ್ ಕಾರ್ನರ್ ಎಂಬ ಹೋಟೆಲಿನಲ್ಲಿ ಬಿಲ್ ನೀಲ್ ಎಂಬ ಬಾಣಸಿಗರು ಮಾಡುತ್ತಿದ್ದ ಸಿಗಡಿ ಗ್ರಿಟ್ಸಿನ ಬಗ್ಗೆ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯಲ್ಲಿ ಕ್ರೇಗ್ ಕ್ಲೇಬೋರ್ನ್ ಬರೆದ ಮೇಲೆ, ಬಡವರ ಉಪಾಹಾರ ಬಿಳಿ ಮೇಜುಬಟ್ಟೆಯ ಮೇಲೆ ಬಂದು ಕುಳಿತಿತು. ಲೂಸಿಯಾನಾದಲ್ಲಿ ಮಾಂಸದ ಸಾರಿನೊಡನೆ, ಬೇರೆ ಕಡೆ ಹುರಿದ ಮೀನಿನೊಡನೆ, ಹಂದಿಮಾಂಸ ಹುರಿದ ಬಾಣಲೆಗೆ ಕಾಫಿ ಹೊಯ್ದು ಮಾಡುವ ಗೊಜ್ಜಿನೊಡನೆ ತಿನ್ನುವ ಪದ್ಧತಿಯೂ ಇದೆ. 2002ರಲ್ಲಿ ಜಾರ್ಜಿಯಾ ರಾಜ್ಯ ಗ್ರಿಟ್ಸನ್ನು ತನ್ನ ಅಧಿಕೃತ ಸಿದ್ಧ ಆಹಾರವೆಂದು ಘೋಷಿಸಿತು. ದಕ್ಷಿಣ ಕೆರೊಲೈನಾದ ಸೇಂಟ್ ಜಾರ್ಜ್ ಊರಿನಲ್ಲಿ ಇದರ ಹೆಸರಿನಲ್ಲಿ ನಡೆಯುವ ವಾರ್ಷಿಕ ಜಾತ್ರೆಯಲ್ಲಿ ಬೆಂದ ಗ್ರಿಟ್ಸ್ ತುಂಬಿದ ತೊಟ್ಟಿಯೊಳಗೆ ಹೊರಳಾಡುವ ಸ್ಪರ್ಧೆಯೂ ಇದೆ; ಅನ್ನದ ಅಗುಳನ್ನು ತುಳಿಯಬಾರದೆಂದು ಬೆಳೆದ ನಮ್ಮವ್ವನಿಗೆ ನಾನು ಅದರ ಚಿತ್ರವನ್ನು ತೋರಿಸಲಿಲ್ಲ.

ಉಪ್ಪೋ ಸಕ್ಕರೆಯೋ ಎಂಬ ಜಗಳ ಇಲ್ಲಿ ಹಳೆಯದು. ಉಪ್ಪಿನವರು ಸಕ್ಕರೆಯವರನ್ನು ಹೊರಗಿನವರೆಂದು ನೋಡುತ್ತಾರೆ. ನನ್ನದು ಉಪ್ಪಿನ ಪಕ್ಷ. ಆದರೆ ಹಾಲಿನಲ್ಲಿ ಬೇಯಿಸಿ ಬೆಲ್ಲ, ಏಲಕ್ಕಿ, ತುಪ್ಪ ಹಾಕಿದರೆ ಒಳ್ಳೆಯ ಗೋಧಿನುಚ್ಚಿನ ಪಾಯಸದ ತಂಗಿಯಂತಿರುತ್ತದೆ ಎಂಬುದನ್ನು ಒಪ್ಪಿಕೊಳ್ಳದೆ ವಿಧಿಯಿಲ್ಲ.

ಶಾಕಾಹಾರಿಗಳು ಹೊರಗೆ ತಿನ್ನುವಾಗ ಒಂದು ಪ್ರಶ್ನೆಯನ್ನು ತಪ್ಪದೆ ಕೇಳಬೇಕು: ಬೇಯಿಸಿದ್ದು ನೀರಿನಲ್ಲೋ, ಕೋಳಿಯ ಸಾರಿನಲ್ಲೋ? ಒಳ್ಳೆಯ ಹೋಟೆಲುಗಳಲ್ಲೇ ರುಚಿಗಾಗಿ ಕೋಳಿಯ ಅಥವಾ ಸಿಗಡಿಚಿಪ್ಪಿನ ಸಾರು ಬಳಸುವುದು ಹೆಚ್ಚು, ಮೇಲೆ ಹಂದಿಕೊಬ್ಬಿನ ಚೂರುಗಳನ್ನು ಉದುರಿಸುವುದೂ ಉಂಟು. ಪಟ್ಟಿಯಲ್ಲಿ ಇದನ್ನು ಬರೆದಿರುವುದಿಲ್ಲ; ಕೇಳಿದರೆ ಹೆಚ್ಚಿನವರು ಪ್ರಾಮಾಣಿಕವಾಗಿ ಹೇಳುತ್ತಾರೆ. ಒಂದು ಕಡೆ ಬಡಿಸುವ ಹುಡುಗಿ ಒಳಗೆ ಹೋಗಿ ಕೇಳಿ ಬಂದು, ಬರಿನೀರಿನಲ್ಲಿ ಬೇರೆಯೇ ಮಾಡಿಸಿಕೊಡುತ್ತೇನೆ, ಆದರೆ ನಲವತ್ತು ನಿಮಿಷವಾಗುತ್ತದೆ ಎಂದಳು. ಅಂಥ ಉತ್ತರ ಬಂದ ಜಾಗದಲ್ಲಿ ಕಾಯಬೇಕು, ಏಕೆಂದರೆ ಅವರು ಡಬ್ಬಿಯದನ್ನು ಬಳಸುತ್ತಿಲ್ಲ ಎಂಬುದು ಅದರಿಂದಲೇ ತಿಳಿಯುತ್ತದೆ. ಎರಡು ನಿಮಿಷ ಎಂದವರಲ್ಲಿ ಬೇರೇನಾದರೂ ತಿನ್ನುವುದು ಲೇಸು.

ಆರೋಗ್ಯದ ದೃಷ್ಟಿಯಿಂದ ನೋಡುವವರಿಗೆ ಇದರಲ್ಲಿ ಮೆಚ್ಚುವುದೂ ಇದೆ, ಜೋಪಾನವಾಗಿರಬೇಕಾದದ್ದೂ ಇದೆ. ಒಣ ಗ್ರಿಟ್ಸಿನ ಕಾಲು ಕಪ್ಪಿನಲ್ಲಿ ಸುಮಾರು 130 ಕ್ಯಾಲೊರಿ ಮತ್ತು 3 ಗ್ರಾಂ ಪ್ರೋಟೀನ್. ಗೋಧಿಯ ಅಂಟು ಒಗ್ಗದವರಿಗೆ ಅನುಕೂಲ. ಆದರೆ ಮುಸುಕಿನಜೋಳದಲ್ಲಿರುವ ನಯಾಸಿನ್ ಎಂಬ ಜೀವಸತ್ವ ದೇಹಕ್ಕೆ ದಕ್ಕದ ರೂಪದಲ್ಲಿ ಕಟ್ಟಿಹಾಕಿಕೊಂಡಿರುತ್ತದೆ. ಮೂಲನಿವಾಸಿಗಳು ಬೂದಿನೀರಿನಲ್ಲಿ ಕುದಿಸುತ್ತಿದ್ದಾಗ ಆ ಕಟ್ಟು ಬಿಚ್ಚಿಕೊಳ್ಳುತ್ತಿತ್ತು. ಬಂದು ನೆಲೆಸಿದವರು ಕಾಳನ್ನು ತೆಗೆದುಕೊಂಡು ಬೂದಿನೀರನ್ನು ಕೈಬಿಟ್ಟರು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ದಕ್ಷಿಣದ ಬಡ ಹತ್ತಿ ಕೂಲಿಗಳು ಮುಸುಕಿನಜೋಳ, ಕಾಕಂಬಿ, ಹಂದಿಕೊಬ್ಬು ಇಷ್ಟರಲ್ಲೇ ಬದುಕುತ್ತಿದ್ದಾಗ, ಬಿಸಿಲು ಬಿದ್ದ ಕಡೆ ಚರ್ಮ ಸುಲಿಯುವ, ಭೇದಿಯಾಗುವ, ಕೊನೆಗೆ ಬುದ್ಧಿ ಕಲಕುವ ಪೆಲಾಗ್ರ ಎಂಬ ಕಾಯಿಲೆ ಹಬ್ಬಿತು. ಅದು ಸೋಂಕೆಂದೇ ವೈದ್ಯರು ನಂಬಿದ್ದ ಕಾಲದಲ್ಲಿ, 1914ರಲ್ಲಿ ಸರ್ಕಾರ ಕಳಿಸಿದ ಜೋಸೆಫ್ ಗೋಲ್ಡ್‌ಬರ್ಗರ್ ಎಂಬ ವೈದ್ಯರು ಅದು ಆಹಾರದ ಕೊರತೆಯೆಂದು ವಾದಿಸಿದರು. ಮರುವರ್ಷ ಮಿಸಿಸಿಪಿಯ ಸೆರೆಮನೆಯೊಂದರ ತೋಟದಲ್ಲಿ ಸ್ವಇಚ್ಛೆಯಿಂದ ಮುಂದೆ ಬಂದ ಕೈದಿಗಳಿಗೆ ಗ್ರಿಟ್ಸ್, ಮುಸುಕಿನಜೋಳದ ರೊಟ್ಟಿಗಳಂಥ ಊಟವನ್ನೇ ತಿಂಗಳುಗಟ್ಟಲೆ ಕೊಟ್ಟು, ಕೆಲವರಲ್ಲಿ ಕಾಯಿಲೆ ಕಾಣಿಸಿಕೊಳ್ಳುವುದನ್ನು ತೋರಿಸಿಕೊಟ್ಟರು. ಕೊರತೆ ನಯಾಸಿನ್ನಿನದೆಂದು ತಿಳಿದದ್ದು 1937ರಲ್ಲಿ, ಕಾನ್ರಾಡ್ ಎಲ್ವೆಯೆಮ್ ಅವರ ಕೆಲಸದಿಂದ. ಡಬ್ಬಿಯ ಮೇಲೆ ಇಂದಿಗೂ ಸೇರಿಸಿದ ಜೀವಸತ್ವಗಳ ಪಟ್ಟಿ ಅಚ್ಚಾಗಿರುವುದರ ಹಿನ್ನೆಲೆ ಇದು. ಇದೇ ಕಾಯಿಲೆ ನಮ್ಮ ದಖನ್ನಿನಲ್ಲಿ ಬರಿಯ ಬಿಳಿಜೋಳವನ್ನು ನೆಚ್ಚಿದ್ದ ಬಡವರಲ್ಲಿ ಕಾಣಿಸಿಕೊಂಡಿದ್ದನ್ನು ಹೈದರಾಬಾದಿನಲ್ಲಿ ಡಾ. ಸಿ. ಗೋಪಾಲನ್ ಮತ್ತು ಸಂಗಡಿಗರು ಅಧ್ಯಯನ ಮಾಡಿದ್ದರು. ಬೇಳೆ, ಶೇಂಗಾ, ಮೊಸರು ಜೊತೆಗಿರುವ ಊಟದಲ್ಲಿ ಈ ಭಯವಿಲ್ಲ. ಗಿರಣಿಯದನ್ನು ಕೊಳ್ಳುವವರು ಅದಕ್ಕೆ ಏನನ್ನೂ ಸೇರಿಸಿರುವುದಿಲ್ಲವೆಂದು ತಿಳಿದಿದ್ದರೆ ಸಾಕು.

ಆದ್ದರಿಂದಲೇ ನಮ್ಮ ಮನೆಯ ಪದ್ಧತಿ ಇಲ್ಲಿನವರ ಪದ್ಧತಿಗಿಂತ ಬೇರೆಯಾಯಿತು. ಅವ್ವ ಮೊದಲ ದಿನ ಬೆಣ್ಣೆ, ಚೀಸು ಹಾಕಿದ್ದನ್ನು ರುಚಿ ನೋಡಿ, "ಭಾಳ ಜಿಡ್ಡು," ಎಂದು ಬದಿಗಿಟ್ಟಳು. ಮರುದಿನ ಅವಳೇ ಬೇಯಿಸಿ, ಬೆಚ್ಚಗಿನ ಹದಕ್ಕೆ ಆರಿಸಿ, ಕಡೆದ ಮಜ್ಜಿಗೆ ಹೊಯ್ದು, ಹಸಿ ಉಳ್ಳಾಗಡ್ಡಿ, ಶೇಂಗಾ ಚಟ್ನಿಪುಡಿ ಜೊತೆಗಿಟ್ಟಳು. ಬಿಳಿಜೋಳದ ನುಚ್ಚಿಗೂ ಇದಕ್ಕೂ ಇರುವ ಅಂತರ ಆಗ ಸ್ಪಷ್ಟವಾಯಿತು: ಜೋಳದ ನುಚ್ಚು ಬೆಂದ ಮೇಲೂ ಬಿಡಿಬಿಡಿಯಾಗಿ ಮಜ್ಜಿಗೆಯಲ್ಲಿ ಮುಳುಗಿರುತ್ತದೆ; ಗ್ರಿಟ್ಸ್ ಮಜ್ಜಿಗೆಯನ್ನು ತನ್ನೊಳಗೆ ಎಳೆದುಕೊಂಡು ಒಂದಾಗುತ್ತದೆ. ಸಿಹಿಯೂ ಜಾಸ್ತಿ, ಅದಕ್ಕೆ ಹುಳಿಯಾದ ಮಜ್ಜಿಗೆಯೇ ಸರಿ. ಬದನೆಕಾಯಿ ಎಣ್ಣೆಗಾಯಿಯ ಜೊತೆ ಬಹಳ ಚೆನ್ನಾಗಿ ಹೊಂದುತ್ತದೆ. ಸೊಪ್ಪಿನ ಹುಳಿಯೊಡನೆ ಪರವಾಗಿಲ್ಲ. ತೆಳ್ಳನೆಯ ತಿಳಿಸಾರು ಸಲ್ಲದು.

ಉಪ್ಪಿಟ್ಟು ಮಾಡಲೇಬೇಕೆನ್ನುವವರು ಡಬ್ಬಿಯದನ್ನು ಕೊಳ್ಳಲಿ. ಒಣ ಬಾಣಲೆಯಲ್ಲಿ ಘಮ ಬರುವಂತೆ ಹುರಿದು, ಒಂದಕ್ಕೆ ಎರಡೂವರೆ ನೀರಿನ ಲೆಕ್ಕದಲ್ಲಿ, ಸಾಸಿವೆ, ಕಡಲೆಬೇಳೆ, ಹಸಿಮೆಣಸು, ಕರಿಬೇವಿನ ಒಗ್ಗರಣೆಗೆ ಸುರಿದರೆ ಮೆತ್ತನೆಯ ಒಳ್ಳೆಯ ಉಪ್ಪಿಟ್ಟಾಗುತ್ತದೆ. ಆ ಡಬ್ಬಿಗೆ ನನ್ನ ಅಡುಗೆಮನೆಯಲ್ಲಿ ಉಳಿದಿರುವ ಕೆಲಸ ಅದೊಂದೇ. ಗಿರಣಿಯದನ್ನು ಇದಕ್ಕೆ ಬಳಸುವುದು ದುಡ್ಡಿಗೂ ಹಲ್ಲಿಗೂ ನಷ್ಟ. ಅದರ ಉಳಿಕೆಯನ್ನು ಮಾತ್ರ ಬಿಸಾಡಬಾರದು. ಎಣ್ಣೆ ಸವರಿದ ತಟ್ಟೆಗೆ ಹೊಯ್ದು ರಾತ್ರಿ ಫ್ರಿಜ್ಜಿನಲ್ಲಿಟ್ಟರೆ ಬೆಳಗ್ಗೆ ಬರ್ಫಿಯಂತೆ ಗಟ್ಟಿಯಾಗಿರುತ್ತದೆ. ಚೌಕಾಕಾರಕ್ಕೆ ಕತ್ತರಿಸಿ, ಚಿರೋಟಿ ರವೆಯಲ್ಲಿ ಹೊರಳಿಸಿ, ಕಾವಲಿಯ ಮೇಲೆ ಎರಡೂ ಕಡೆ ಕೆಂಪಗೆ ಸುಟ್ಟರೆ ಹೊರಗೆ ಗರಿಗರಿ, ಒಳಗೆ ಬೆಣ್ಣೆ. ಇಲ್ಲಿನವರೂ ಇದನ್ನೇ ಮಾಡುತ್ತಾರೆ, ಮೇಲೆ ಸಕ್ಕರೆಪಾಕ ಹೊಯ್ಯುತ್ತಾರೆ. ನಾವು ಕೆಂಪು ಚಟ್ನಿ ಹಚ್ಚುತ್ತೇವೆ.

ಕೊಳ್ಳುವಾಗ ನೋಡಬೇಕಾದದ್ದು ಇಷ್ಟು: ಚೀಲದ ಮೇಲೆ ಕಲ್ಲಿನಲ್ಲಿ ಒಡೆದದ್ದು ಎಂದಿರಬೇಕು, ಬೀಸಿದ ದಿನಾಂಕವಿದ್ದರೆ ಉತ್ತಮ, ಅಂಗಡಿಯವನು ಅದನ್ನು ತಂಪಿನಲ್ಲಿಟ್ಟಿದ್ದರೆ ಇನ್ನೂ ಉತ್ತಮ. ಬಿಳಿಯದು ಸೌಮ್ಯ, ಹಳದಿಯದಕ್ಕೆ ಮುಸುಕಿನಜೋಳದ ರುಚಿ ಹೆಚ್ಚು. ಮೊದಲ ಸಲಕ್ಕೆ ನಾನು ಹಳದಿಯನ್ನೇ ಸೂಚಿಸುತ್ತೇನೆ. ಗುಡ್ಡದವರೆಗೆ ಹೋಗಲಾಗದವರು ಅಂಚೆಯಲ್ಲಿ ತರಿಸಿಕೊಳ್ಳಬಹುದು. ದಕ್ಷಿಣ ಕೆರೊಲೈನಾದ ಕೊಲಂಬಿಯಾದಲ್ಲಿ ಗ್ಲೆನ್ ರಾಬರ್ಟ್ಸ್ ಎಂಬವರು 1998ರಲ್ಲಿ ಆರಂಭಿಸಿದ ಆನ್ಸನ್ ಮಿಲ್ಸ್, ಅಳಿವಿನಂಚಿಗೆ ಹೋಗಿದ್ದ ನಾಟಿ ತಳಿಗಳನ್ನು ಮತ್ತೆ ಬೆಳೆಸಿ, ಬಿಸಿಯಾಗದಂತೆ ತಂಪಿನಲ್ಲೇ ಒಡೆದು ಕಳಿಸುತ್ತದೆ. ಬೆಲೆ ಹೆಚ್ಚು, ತಿಂಗಳಿಗೊಮ್ಮೆ ಹಬ್ಬದೂಟಕ್ಕೆಂದು ತರಿಸುವಂಥದ್ದು.

ಅವ್ವ ಊರಿಗೆ ಹೊರಡುವಾಗ ಒಂದು ಚೀಲವನ್ನು ಸೀರೆಗಳ ನಡುವೆ ಇಟ್ಟುಕೊಂಡು ಹೋದಳು. ಹಾವೇರಿ ಜಿಲ್ಲೆಯ ತುಂಬ ಗೋವಿನಜೋಳವೇ ಬೆಳೆದು ನಿಂತಿದ್ದರೂ ಅದು ಲಾರಿ ಹತ್ತಿ ಕೋಳಿಮೇವಿಗೂ ಪಿಷ್ಟದ ಕಾರ್ಖಾನೆಗಳಿಗೂ ಹೋಗುತ್ತದೆಯೇ ಹೊರತು ಮನೆಯ ಒಲೆಗೆ ಬರುವುದು ಅಪರೂಪ. ಚೀಲ ಮುಗಿದ ಮೇಲೆ ಅವಳು ತಮ್ಮದೇ ಹೊಲದ ಐದು ಕಿಲೋ ಕಾಳನ್ನು ಓಣಿಯ ಹಿಟ್ಟಿನ ಗಿರಣಿಗೆ ಕೊಟ್ಟು ನುಚ್ಚು ಒಡೆಸಿದಳಂತೆ. ಕೋಳಿ ಸಾಕಿದ್ದೀರೇನು ಎಂದು ಗಿರಣಿಯವನು ಕೇಳಿದನಂತೆ. ಹೈಬ್ರಿಡ್ ಕಾಳು, ಗಾಜಿನಷ್ಟು ಗಟ್ಟಿ. ರಾತ್ರಿಯಿಡೀ ನೆನೆಸಿದರೂ ಬೇಯಲು ಎರಡು ತಾಸು ಹಿಡಿಯಿತು, ಜಾರ್ಜಿಯಾದ್ದರಷ್ಟು ಮೆತ್ತಗೂ ಆಗಲಿಲ್ಲ, ಆದರೆ ಮಜ್ಜಿಗೆಯಲ್ಲಿ ಬಿಡಿಬಿಡಿಯಾಗಿ ನಿಂತಿತು ಎಂದು ಫೋನಿನಲ್ಲಿ ಹೇಳಿದಳು. ಅವಳಿಗೆ ಅದೇ ಹಿಡಿಸಿದೆ.